ಎರಡನೇ ಹಂತದ ಕೋಲನ್ ಕ್ಯಾನ್ಸರ್: ಹಳೇ ಬ್ಲಾಕ್‌ಗಳಲ್ಲಿ ಯಾವ ಜೀನ್ ನೋಡಿದರೆ ಮರುಕಳಿಕೆಯ ಅಂದಾಜು ಸಿಗುತ್ತದೆ?

ಪ್ಯಾರಾಫಿನ್_ಪಿಜಿ

ಎಲ್ಲರಿಗೂ ನಮಸ್ಕಾರ. ಪ್ಯಾಥಾಲಜಿ ಎಂ.ಡಿ. ಥೀಸಿಸ್‌ಗೆ ಪ್ರೋಟೋಕಾಲ್ ಬರೆಯುತ್ತಿದ್ದೇನೆ. ವಿಭಾಗದ ಸಂಗ್ರಹದಲ್ಲಿ ಎರಡನೇ ಹಂತದ, ಅಂದರೆ ಪಿಟಿ3 (ಕರುಳಿನ ಸ್ನಾಯು ಗೋಡೆ ದಾಟಿದ್ದು) ಅಥವಾ ಪಿಟಿ4 (ಹೊರಪೊರೆ ಸೀಳಿದ್ದು ಇಲ್ಲವೇ ಪಕ್ಕದ ಅಂಗ ಮುಟ್ಟಿದ್ದು) ಆಗಿದ್ದು ಲಿಂಫ್ ನೋಡ್‌ಗೆ ಹರಡದ, ಕೋಲನ್ ಕ್ಯಾನ್ಸರಿನ ಸುಮಾರು 120 ಕೇಸುಗಳ ಬ್ಲಾಕ್‌ಗಳಿವೆ, ಅಂದರೆ ಫಾರ್ಮಲಿನ್‌ನಲ್ಲಿ ಕೆಡದಂತೆ ಮಾಡಿ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಂಡುಗಳು. ಎಲ್ಲವೂ 2013ರಿಂದ 2019ರ ನಡುವೆ ಆಪರೇಷನ್ ಆದವು. ಹೆಚ್ಚಿನವರಿಗೆ ಐದು ವರ್ಷದ ಫಾಲೋ-ಅಪ್ ಇದೆ, ಕೆಲವರದು ಮಧ್ಯದಲ್ಲೇ ನಿಂತಿದೆ. ಮೂರರಲ್ಲಿ ಒಂದು ಪಾಲು ರೋಗಿಗಳಿಗೆ ಆಪರೇಷನ್ ನಂತರ ಕೀಮೋ ಕೊಟ್ಟಿದ್ದಾರೆ.

ಯೋಜನೆ ಹೀಗಿದೆ: ಎಲ್ಲ ಬ್ಲಾಕ್‌ಗಳಿಂದ ಡಿಎನ್‌ಎ ತೆಗೆದು 22 ಜೀನ್‌ಗಳನ್ನು ಒಟ್ಟಿಗೆ ಓದುವ ಎನ್‌ಜಿಎಸ್ ಪ್ಯಾನೆಲ್‌ಗೆ ಹೊರಗಿನ ಲ್ಯಾಬಿಗೆ ಕಳಿಸುವುದು. ಎಪಿಸಿ, ಕೆ-ರಾಸ್, ಎನ್-ರಾಸ್, ಬಿ-ರಾಫ್, ಟಿಪಿ53, ಪಿಐಕೆ3ಸಿಎ, ಸ್ಮ್ಯಾಡ್4 ಎಲ್ಲ ಅದರಲ್ಲಿವೆ. ಆಮೇಲೆ ಯಾವ ಮ್ಯುಟೇಶನ್ ಇದ್ದವರಲ್ಲಿ ರೋಗ ಮರುಕಳಿಸಿತು ಎಂದು ಕಾಕ್ಸ್ ರಿಗ್ರೆಶನ್‌ನಲ್ಲಿ (ಮರುಕಳಿಸುವವರೆಗಿನ ಕಾಲಕ್ಕೂ ಅಂಶಗಳಿಗೂ ಇರುವ ಸಂಬಂಧ ಅಳೆಯುವ ಲೆಕ್ಕ) ನೋಡುವುದು.

ಎರಡನೇ ಹಂತದಲ್ಲಿ ಇವುಗಳಲ್ಲಿ ನಿಜವಾಗಿ ಮುನ್ಸೂಚನೆ ಕೊಡುವ ಜೀನ್ ಯಾವುವು? ಎಂಟು-ಹತ್ತು ವರ್ಷ ಹಳೆಯ ಬ್ಲಾಕಿನ ಡಿಎನ್‌ಎ ಎನ್‌ಜಿಎಸ್‌ಗೆ ಆಗುತ್ತದೆಯೇ? ಎಂಎಸ್‌ಐಗೆ (ಮೈಕ್ರೋಸ್ಯಾಟಲೈಟ್ ಇನ್‌ಸ್ಟೆಬಿಲಿಟಿ, ಅಂದರೆ ಡಿಎನ್‌ಎ ರಿಪೇರಿ ಕೆಟ್ಟಾಗ ಅದರ ಪುನರಾವರ್ತಿತ ತುಣುಕುಗಳ ಉದ್ದ ಬದಲಾಗುವುದು) ಪ್ರೋಟೀನ್ ತೋರಿಸುವ ಇಮ್ಯುನೊ ಸ್ಟೇನ್ ಸಾಕೇ, ಪಿಸಿಆರ್ ಕೂಡ ಬೇಕೇ? 22 ಜೀನ್‌ಗಳನ್ನೂ ಒಟ್ಟಿಗೆ ಕಾಕ್ಸ್ ಮಾದರಿಗೆ ಹಾಕಬಹುದೇ? ದಯವಿಟ್ಟು ತಿಳಿದವರು ಹೇಳಿ. ಎಥಿಕ್ಸ್ ಕಮಿಟಿಗೆ ಪ್ರೋಟೋಕಾಲ್ ಕೊಡುವ ಮೊದಲು ತಿದ್ದಿಕೊಳ್ಳಲು ಅವಕಾಶ ಇದೆ.

ಗುಲಾಬಿ_ನೇರಳೆ

22 ಜೀನ್‌ಗಳ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಎರಡನೇ ಹಂತದಲ್ಲಿ ಮೊದಲು ಗೊತ್ತಾಗಬೇಕಾದ್ದು ಗಡ್ಡೆಯ ಕೋಶಗಳಲ್ಲಿ ಡಿಎನ್‌ಎ ಮಿಸ್‌ಮ್ಯಾಚ್ ರಿಪೇರಿ, ಅಂದರೆ ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವ ಕೆಲಸ, ನಡೆಯುತ್ತಿದೆಯೋ ಕೆಟ್ಟಿದೆಯೋ ಎಂಬುದು. ಅದು ಗೊತ್ತಿಲ್ಲದೆ ಉಳಿದ ಜೀನ್‌ಗಳ ಫಲಿತಾಂಶ ಓದಲು ಬರುವುದಿಲ್ಲ.

ಬಿ-ರಾಫ್ ಜೀನಿನ ವಿ600ಇ ಎಂಬ ಮ್ಯುಟೇಶನ್ ಒಂದನ್ನೇ ನೋಡಿ. ರಿಪೇರಿ ಕೆಟ್ಟ ಗಡ್ಡೆಯಲ್ಲಿ ಅದು ಸಿಕ್ಕರೆ ಎಂಎಲ್‌ಎಚ್1 ಎಂಬ ರಿಪೇರಿ ಜೀನಿನ ಪ್ರಮೋಟರ್ (ಜೀನ್ ಚಾಲೂ ಮಾಡುವ ಭಾಗ) ಮೆಥೈಲೇಶನ್ನಿಂದ, ಅಂದರೆ ಮೆಥೈಲ್ ಗುಂಪು ಅಂಟಿ, ಮುಚ್ಚಿಹೋಗಿದೆ, ಕಾಯಿಲೆ ವಂಶಪಾರಂಪರ್ಯದ್ದಲ್ಲ ಎಂಬುದರ ಗುರುತು ಅಷ್ಟೆ. ಎರಡನೇ ಹಂತದಲ್ಲಿ ಅಂಥ ರೋಗಿಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ. ಅದೇ ಮ್ಯುಟೇಶನ್ ರಿಪೇರಿ ಸರಿಯಿರುವ ಗಡ್ಡೆಯಲ್ಲಿ ಕಂಡರೆ ಬದುಕುಳಿಯುವ ಅವಧಿ ಕಡಿಮೆ. ಎರಡನ್ನೂ ಒಂದೇ ಗುಂಪಿಗೆ ಹಾಕಿ ಲೆಕ್ಕ ಮಾಡಿದರೆ ಒಂದರ ಪರಿಣಾಮ ಇನ್ನೊಂದನ್ನು ಅಳಿಸಿಬಿಡುತ್ತದೆ, ‘ಬಿ-ರಾಫ್‌ಗೆ ಮಹತ್ವವಿಲ್ಲ’ ಎಂಬ ತಪ್ಪು ತೀರ್ಮಾನ ಬರುತ್ತದೆ. ಗ್ರೇಡ್ ವಿಷಯವೂ ಹಾಗೇ. ರಿಪೇರಿ ಕೆಟ್ಟ ಗಡ್ಡೆಗಳು ಸ್ಲೈಡಿನಲ್ಲಿ ಪೂರ್ಲಿ ಡಿಫರೆನ್ಷಿಯೇಟೆಡ್ (ಮೂಲ ಕೋಶದ ಹೋಲಿಕೆ ಕಳೆದುಕೊಂಡವು) ಆಗಿ ಕಾಣುತ್ತವೆ, ಆದರೆ ಅವುಗಳಲ್ಲಿ ಅದು ಅಪಾಯದ ಲಕ್ಷಣವೆಂದು ಎಣಿಕೆಯಾಗುವುದಿಲ್ಲ.

ಪಶ್ಚಿಮದ ಸರಣಿಗಳಲ್ಲಿ ಎರಡನೇ ಹಂತದಲ್ಲಿ ಸುಮಾರು 20 ಶೇಕಡಾ, ಮೂರನೇ ಹಂತದಲ್ಲಿ 12ರ ಆಸುಪಾಸು, ನಾಲ್ಕನೇ ಹಂತದಲ್ಲಿ 4-5 ಶೇಕಡಾ ಗಡ್ಡೆಗಳಲ್ಲಿ ರಿಪೇರಿ ಕೆಟ್ಟಿರುತ್ತದೆ. ಹಂತ ಏರಿದಂತೆ ಪಾಲು ಇಳಿಯುವುದೇ ಇವು ಹರಡುವುದು ಕಡಿಮೆ ಎನ್ನುವುದಕ್ಕೆ ಒಂದು ಸಾಕ್ಷಿ.

ಸ್ಟೇನ್ ವಿಷಯಕ್ಕೆ ಬರೋಣ. ರಿಪೇರಿ ಮಾಡುವ ನಾಲ್ಕು ಪ್ರೋಟೀನ್‌ಗಳು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವು ಜೋಡಿಯಾಗಿ ಇರುತ್ತವೆ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ನಿಲ್ಲುವುದಿಲ್ಲ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಹೋಗುತ್ತದೆ. ತಿರುಗುಮುರುಗಾಗಿ ಹಾಗಲ್ಲ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಎಲ್ಲ ಕೇಸಿಗೂ ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡನ್ನೇ ಹಾಕಿ, ಯಾವುದು ಕಾಣೆಯಾಗಿದೆಯೋ ಅದರ ಜೋಡಿಯನ್ನು ಮಾತ್ರ ಆಮೇಲೆ ಹಾಕಿ. 480 ಸ್ಟೇನ್ ಬದಲು 240, ಮೇಲೆ ಇಪ್ಪತ್ತೈದೋ ಮೂವತ್ತೋ.

ಓದುವಾಗ ಮೊದಲು ನೋಡಬೇಕಾದ್ದು ಗಡ್ಡೆಯನ್ನಲ್ಲ, ಅದರ ಪಕ್ಕದ ಲಿಂಫೋಸೈಟ್‌ಗಳನ್ನು ಮತ್ತು ಸ್ಟ್ರೋಮಾದ ಕೋಶಗಳನ್ನು. ಅವುಗಳ ನ್ಯೂಕ್ಲಿಯಸ್ ಕಂದು ಬಣ್ಣ ಹಿಡಿದಿದ್ದು ಗಡ್ಡೆಯದು ನೀಲಿಯಾಗಿ ಉಳಿದಿದ್ದರೆ ಮಾತ್ರ ‘ನಷ್ಟ’ ಎಂದು ಬರೆಯಿರಿ. ಎರಡೂ ನೀಲಿ ಇದ್ದರೆ ಸ್ಟೇನ್ ಫೇಲಾಗಿದೆ. ದೊಡ್ಡ ಗಡ್ಡೆಯ ಒಳಭಾಗಕ್ಕೆ ಫಾರ್ಮಲಿನ್ ಸರಿಯಾಗಿ ಇಳಿಯದೆ ಹೀಗಾಗುವುದು ಸಾಮಾನ್ಯ. ಗಡ್ಡೆಯ ಅಂಚು ಸಿಗುವ ಬೇರೆ ಬ್ಲಾಕ್ ತೆಗೆದುಕೊಂಡು ಮತ್ತೆ ಹಾಕಿ. ಎಂಎಲ್‌ಎಚ್1ರಲ್ಲಿ ಕೆಲವು ಕ್ಲೋನ್‌ಗಳು (ಸ್ಟೇನ್‌ಗೆ ಬಳಸುವ ಆಂಟಿಬಾಡಿಯ ಬಗೆಗಳು) ನ್ಯೂಕ್ಲಿಯಸ್ಸಿನೊಳಗೆ ಚುಕ್ಕೆ ಚುಕ್ಕೆಯಾಗಿ ಬಣ್ಣ ಕೊಡುತ್ತವೆ. ಪಿಎಂಎಸ್2 ಕಾಣೆಯಾಗಿದ್ದು ಎಂಎಲ್‌ಎಚ್1 ಹೀಗೆ ಚುಕ್ಕೆಯಾಗಿದ್ದರೆ ಅದನ್ನು ಪಾಸಿಟಿವ್ ಎಂದು ಬರೆಯಬೇಡಿ. ಆಪರೇಷನ್‌ಗೆ ಮೊದಲೇ ಕೀಮೋ ಅಥವಾ ರೇಡಿಯೇಶನ್ ಆಗಿದ್ದರೆ ಎಂಎಸ್‌ಎಚ್6 ಬಣ್ಣ ತೆಳುವಾಗುತ್ತದೆ. ರೆಕ್ಟಮ್ ಕೇಸುಗಳನ್ನು ಈ ಸರಣಿಯಿಂದ ಹೊರಗಿಡಲು ಅದೂ ಒಂದು ಕಾರಣ.

ಸ್ಟೇನ್‌ಗೆ ಸೆಕ್ಷನ್ ಹೊಸದಾಗಿ ಕತ್ತರಿಸಿ. ತಿಂಗಳುಗಟ್ಟಲೆ ಟ್ರೇಯಲ್ಲಿ ಕೂತ ಖಾಲಿ ಸ್ಲೈಡ್‌ಗಳಲ್ಲಿ ಆಂಟಿಜೆನ್ ಸೊರಗಿರುತ್ತದೆ.

ಇನ್ನೊಂದು ಮಾತು. ಮಾಮೂಲಿ ಬಣ್ಣದ ಎಚ್‌ಅಂಡ್‌ಇ ಸ್ಲೈಡಿನಲ್ಲೇ ಸಿಗುವ ಟ್ಯೂಮರ್ ಬಡಿಂಗ್ (ಗಡ್ಡೆಯಿಂದ ಕಳಚಿಕೊಂಡ ಒಂಟಿ ಕೋಶ ಅಥವಾ ನಾಲ್ಕರವರೆಗಿನ ಕೋಶಗಳ ಗುಂಪು) ಎಣಿಕೆಯನ್ನು ಬಿಡಬೇಡಿ. 2016ರ ಒಮ್ಮತದ ಪ್ರಕಾರ ಗಡ್ಡೆ ನುಗ್ಗುವ ಅಂಚಿನಲ್ಲಿ ಅತಿ ಹೆಚ್ಚು ಬಡ್ ಇರುವ ಒಂದು ಜಾಗ, 0.785 ಚದರ ಮಿಲಿಮೀಟರ್. 0-4 ಇದ್ದರೆ ಬಿಡಿ1, 5-9 ಬಿಡಿ2, 10 ಅಥವಾ ಹೆಚ್ಚು ಬಿಡಿ3. ನಿಮ್ಮ ಮೈಕ್ರೋಸ್ಕೋಪಿನ ಐಪೀಸ್ ಫೀಲ್ಡ್ ನಂಬರ್ ನೋಡಿ ತಿದ್ದುಪಡಿ ಗುಣಕ ಹಾಕಿಕೊಳ್ಳಬೇಕು. ಖರ್ಚಿಲ್ಲ, ಮತ್ತು ಎಷ್ಟೋ ಜೀನ್‌ಗಳಿಗಿಂತ ಗಟ್ಟಿ ಮುನ್ಸೂಚಕ.

ಪ್ರೈಮರ್_ಡೈಮರ್

ಬ್ಲಾಕ್ ಮತ್ತು ಡಿಎನ್‌ಎ ಬಗ್ಗೆ ನಾನು ಹೇಳುತ್ತೇನೆ. ವಯಸ್ಸಿಗಿಂತ ಮುಖ್ಯ ಆ ಬ್ಲಾಕ್ ಮೊದಲ ದಿನ ಹೇಗೆ ಫಿಕ್ಸ್ ಆಯಿತು ಎಂಬುದು. 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ 6ರಿಂದ 48 ಗಂಟೆ ಇದ್ದ ಬ್ಲಾಕ್ ಹತ್ತು ವರ್ಷದ ಮೇಲೂ ಕೆಲಸಕ್ಕೆ ಬರುತ್ತದೆ. ಬಫರ್ ಇಲ್ಲದ ಫಾರ್ಮಲಿನ್ ಕಾಲಕ್ರಮೇಣ ಫಾರ್ಮಿಕ್ ಆಮ್ಲವಾಗಿ ಡಿಎನ್‌ಎಯನ್ನು ಚೂರು ಮಾಡುತ್ತದೆ. ಬೌಯಿನ್ ದ್ರಾವಣದಲ್ಲಿ ಫಿಕ್ಸ್ ಮಾಡಿದ ಕೇಸು ಇದ್ದರೆ ಅದನ್ನು ಕೈಬಿಡಿ, ಪಿಕ್ರಿಕ್ ಆಮ್ಲದ ಮುಂದೆ ಏನೂ ಉಳಿದಿರುವುದಿಲ್ಲ. ಕರುಳನ್ನು ಸೀಳದೆ ಹಾಗೇ ಜಾಡಿಗೆ ಹಾಕಿ ವಾರಾಂತ್ಯ ಬಿಟ್ಟ ಸ್ಪೆಸಿಮನ್‌ಗಳು ಹೊರಗೆ ಗಟ್ಟಿ, ಒಳಗೆ ಕೊಳೆತ ಸ್ಥಿತಿಯಲ್ಲಿರುತ್ತವೆ. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ.

ಕತ್ತರಿಸುವ ಕ್ರಮ: ಮೊದಲ ಸೆಕ್ಷನ್ 4 ಮೈಕ್ರಾನ್, ಎಚ್‌ಅಂಡ್‌ಇ ಮಾಡಿ. ನಂತರ 10 ಮೈಕ್ರಾನಿನವು 5ರಿಂದ 8, ಬಣ್ಣ ಹಾಕದೆ ಸ್ಲೈಡಿನ ಮೇಲೆ. ಕೊನೆಯದು ಮತ್ತೆ 4 ಮೈಕ್ರಾನ್ ಎಚ್‌ಅಂಡ್‌ಇ, ಗಡ್ಡೆ ಕೊನೆತನಕ ಉಳಿದಿದೆಯೋ ಎಂದು ಖಾತ್ರಿಗೆ. ಪ್ರತಿ ಬ್ಲಾಕಿಗೂ ಬ್ಲೇಡ್ ಬದಲಿಸಿ ಅಥವಾ ಬ್ಲೇಡಿನ ಹೊಸ ಭಾಗಕ್ಕೆ ಸರಿಸಿ, ಹೋಲ್ಡರನ್ನು ಕ್ಸೈಲೀನ್‌ನಿಂದ ಒರೆಸಿ, ವಾಟರ್ ಬಾತ್ ಮೇಲ್ಮೈಯನ್ನು ಟಿಶ್ಯೂ ಪೇಪರಿನಿಂದ ಎಳೆದು ತೆಗೆಯಿರಿ. ಹಿಂದಿನ ಕೇಸಿನ ಚೂರು ತೇಲಿ ಬಂದು ಕೂತರೆ ಇಲ್ಲದ ಕೆ-ರಾಸ್ ಮ್ಯುಟೇಶನ್ ಹುಟ್ಟುತ್ತದೆ.

ಎಚ್‌ಅಂಡ್‌ಇ ಮೇಲೆ ಪೆನ್ನಿನಿಂದ ಗಡ್ಡೆಯ ಜಾಗ ಸುತ್ತುಹಾಕಿ. ಬಣ್ಣ ಹಾಕದ ಸ್ಲೈಡನ್ನು ಅದರ ಮೇಲಿಟ್ಟು ಆ ಜಾಗವನ್ನಷ್ಟೇ ಸ್ಕಾಲ್ಪೆಲ್‌ನಿಂದ ಕೆರೆದು ಟ್ಯೂಬಿಗೆ ಹಾಕಿ. ಸುತ್ತು ಹಾಕಿದ ಜಾಗದಲ್ಲಿ ಗಡ್ಡೆಯ ನ್ಯೂಕ್ಲಿಯಸ್‌ಗಳ ಪಾಲು ಎಷ್ಟು ಎಂದು ಬರೆದಿಡಿ. ಎಷ್ಟು ಚದರ ಜಾಗ ತುಂಬಿದೆ ಎಂಬುದು ಲೆಕ್ಕಕ್ಕಿಲ್ಲ, ನ್ಯೂಕ್ಲಿಯಸ್ ಸಂಖ್ಯೆ ಮುಖ್ಯ. ಎರಡು ಕಡೆ ಎಲ್ಲರೂ ಹೆಚ್ಚಾಗಿ ಅಂದಾಜಿಸುತ್ತಾರೆ. ಮ್ಯುಸಿನಸ್ ಗಡ್ಡೆಯಲ್ಲಿ ಲೋಳೆಯ ಕೆರೆಯೇ ದೊಡ್ಡದು, ಕೋಶ ಬೆರಳೆಣಿಕೆ. ರಿಪೇರಿ ಕೆಟ್ಟ ಗಡ್ಡೆಯಲ್ಲಿ ಒಳಗೇ ಲಿಂಫೋಸೈಟ್ ತುಂಬಿರುತ್ತವೆ, ಅವುಗಳ ನಾರ್ಮಲ್ ಡಿಎನ್‌ಎ ಬೆರೆತು ಮ್ಯುಟೇಶನ್ ತೆಳುವಾಗುತ್ತದೆ. ಎಂಎಸ್‌ಐ ಪಿಸಿಆರ್‌ಗೆ ಕನಿಷ್ಠ 20 ಶೇಕಡಾ ಗಡ್ಡೆಕೋಶ ಬೇಕು. ಸ್ಯಾಂಗರ್ ಸೀಕ್ವೆನ್ಸಿಂಗ್ ಆದರೆ ಮ್ಯುಟೆಂಟ್ ಆಲೀಲ್ (ಜೀನಿನ ಬದಲಾದ ಪ್ರತಿ) 15-20 ಶೇಕಡಾ ಇದ್ದಾಗಲೇ ಕಾಣುವುದು, ಅಂದರೆ ಗಡ್ಡೆಕೋಶ 30-40 ಶೇಕಡಾ ಇರಬೇಕು. ರಿಯಲ್-ಟೈಮ್ ಪಿಸಿಆರ್ ಕಿಟ್‌ಗಳು 1-5 ಶೇಕಡಾವರೆಗೆ ಹಿಡಿಯುತ್ತವೆ.

ಡಿಎನ್‌ಎ ಅಳತೆಯನ್ನು ಕ್ಯೂಬಿಟ್ ಉಪಕರಣದಲ್ಲೇ ಮಾಡಿ. ನ್ಯಾನೋಡ್ರಾಪ್ ಆರ್‌ಎನ್‌ಎ ಮತ್ತು ಒಂಟಿ ಎಳೆಯನ್ನೂ ಸೇರಿಸಿ ಎಣಿಸುವುದರಿಂದ ಹಳೇ ಬ್ಲಾಕ್‌ಗಳಲ್ಲಿ ಹಲವು ಪಟ್ಟು ಹೆಚ್ಚು ತೋರಿಸುತ್ತದೆ. ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಉದ್ದದ ಚೂರು ಹಿಗ್ಗುತ್ತದೆ ಎನ್ನುವುದು ಮುಖ್ಯ. 100, 200, 300, 400 ಬೇಸ್ ಜೋಡಿಗಳ ಕಂಟ್ರೋಲ್ ಪಿಸಿಆರ್ ಹಾಕಿ ನೋಡಿ. 100 ಮಾತ್ರ ಬಂದರೆ ಚಿಕ್ಕ ಆಂಪ್ಲಿಕಾನ್ (ಪಿಸಿಆರ್‌ನಲ್ಲಿ ಹಿಗ್ಗಿಸುವ ತುಣುಕು) ಪ್ಯಾನೆಲ್ ಅಥವಾ ರಿಯಲ್-ಟೈಮ್ ಪಿಸಿಆರ್ ಸಾಧ್ಯ, ಉದ್ದದ ಚೂರು ಬೇಕಾಗುವ ಹೈಬ್ರಿಡ್ ಕ್ಯಾಪ್ಚರ್‌ಗೆ ಕಳಿಸಿ ದುಡ್ಡು ಕಳೆಯಬೇಡಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಫಾರ್ಮಲಿನ್ ಸೈಟೋಸಿನ್‌ನ ಅಮೈನೋ ಗುಂಪು ಕಳಚಿ ಅದನ್ನು ಯುರಾಸಿಲ್ ಮಾಡುತ್ತದೆ. ಪಿಸಿಆರ್ ಅದನ್ನು ಟಿ ಎಂದು ಓದುತ್ತದೆ. ಹಾಗಾಗಿ ಸಿ ಇದ್ದಲ್ಲಿ ಟಿ, ಎದುರು ಎಳೆಯಲ್ಲಿ ಜಿ ಇದ್ದಲ್ಲಿ ಎ ಎಂಬ ಸುಳ್ಳು ಮ್ಯುಟೇಶನ್ ಬರುತ್ತದೆ. ಕೆ-ರಾಸ್ ಜಿ12ಡಿ, ಜಿ12ಎಸ್, ಜಿ13ಡಿ ಮೂರೂ ಜಿ ಜಾಗದಲ್ಲಿ ಎ ಆಗುವಂಥವೇ! ಗಡ್ಡೆಕೋಶ 60 ಶೇಕಡಾ ಇರುವ ಜಾಗದಿಂದ ತೆಗೆದ ಡಿಎನ್‌ಎಯಲ್ಲಿ ಜಿ12ಡಿ 30 ಶೇಕಡಾ ಆಸುಪಾಸು ಬರಬೇಕು. 3 ಶೇಕಡಾ ಬಂದಿದ್ದರೆ ಅನುಮಾನಿಸಿ. ಯುರಾಸಿಲ್-ಡಿಎನ್‌ಎ ಗ್ಲೈಕೋಸಿಲೇಸ್ ಕಿಣ್ವ ಹಾಕಿ, ಬೇರೆ ಸೆಕ್ಷನ್‌ನಿಂದ ಇನ್ನೊಮ್ಮೆ ಡಿಎನ್‌ಎ ತೆಗೆದು ನೋಡಿ. ನಿಜವಾದ ಮ್ಯುಟೇಶನ್ ಎರಡೂ ಬಾರಿ ಬರುತ್ತದೆ, ಫಾರ್ಮಲಿನ್ ಹಾನಿ ಅದೇ ಜಾಗದಲ್ಲಿ ಮರಳುವುದು ಅಪರೂಪ. ಮೆಥೈಲ್ ಗುಂಪು ಇದ್ದ ಸೈಟೋಸಿನ್ ಮಾತ್ರ ನೇರವಾಗಿ ಥೈಮಿನ್ ಆಗುವುದರಿಂದ ಅದನ್ನು ಆ ಕಿಣ್ವ ಸರಿಪಡಿಸುವುದಿಲ್ಲ.

ಸ್ಟೇನೋ ಪಿಸಿಆರೋ ಎಂದು ಕೇಳಿದಿರಿ. ಗುಲಾಬಿ_ನೇರಳೆಯವರ ಕ್ರಮಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಸ್ಟೇನ್ ಒಂದೇ ಸಾಲದು ಎನ್ನುತ್ತೇನೆ. ಕೆಲವು ಮಿಸ್‌ಸೆನ್ಸ್ ಬದಲಾವಣೆಗಳಲ್ಲಿ ಪ್ರೋಟೀನ್ ಇರುತ್ತದೆ, ಬಣ್ಣವೂ ಹಿಡಿಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಅದು ಪಿಸಿಆರ್‌ನಲ್ಲಷ್ಟೇ ಸಿಗುತ್ತದೆ. ತದ್ವಿರುದ್ಧವಾಗಿ ಎಂಎಸ್‌ಎಚ್6 ಮಾತ್ರ ಕೆಟ್ಟಿದ್ದಾಗ ಪಿಸಿಆರ್ ಪೀಕ್ ಸರಿಯುವುದು ಒಂದೆರಡು ಬೇಸ್ ಅಷ್ಟೆ, ಅವಸರದಲ್ಲಿ ನೋಡಿದವರು ಸ್ಟೇಬಲ್ ಎಂದು ಬರೆದುಬಿಡುತ್ತಾರೆ. ಬಿಎಟಿ-25, ಬಿಎಟಿ-26, ಎನ್‌ಆರ್-21, ಎನ್‌ಆರ್-24, ಮೊನೊ-27 ಐದು ಮಾರ್ಕರ್ ಹಾಕಿ. ಎರಡು ಅಥವಾ ಹೆಚ್ಚು ಸರಿದರೆ ಎಂಎಸ್‌ಐ-ಹೈ. ಸ್ಟೇನ್‌ನಲ್ಲಿ ನಷ್ಟ ಕಂಡವು, ಸಂಶಯದವು, ಜೊತೆಗೆ ಬಲಬದಿಯ ಕೋಲನ್ನಿನ ಲಿಂಫೋಸೈಟ್ ತುಂಬಿದ ಗಡ್ಡೆಗಳು, ಇಷ್ಟಕ್ಕೆ ಪಿಸಿಆರ್ ಸಾಕು.

ಕಾಕ್ಸ್_ಲೆಕ್ಕ

ನಾಲ್ಕನೇ ಪ್ರಶ್ನೆಗೆ ಉತ್ತರ: ಬೇಡ. ಕಾಕ್ಸ್ ಮಾದರಿಗೆ ಬಲ ಬರುವುದು ರೋಗಿಗಳ ಸಂಖ್ಯೆಯಿಂದಲ್ಲ, ಘಟನೆಗಳ, ಅಂದರೆ ಮರುಕಳಿಕೆಗಳ, ಸಂಖ್ಯೆಯಿಂದ. ಎರಡನೇ ಹಂತದಲ್ಲಿ ಐದು ವರ್ಷದೊಳಗೆ ಮರುಕಳಿಕೆ ಹೆಚ್ಚುಕಡಿಮೆ 15-20 ಶೇಕಡಾ ಎಂದುಕೊಂಡರೆ 120 ಜನರಲ್ಲಿ 18ರಿಂದ 24 ಘಟನೆಗಳು. ಒಂದು ಅಂಶಕ್ಕೆ ಹತ್ತು ಘಟನೆ ಎಂಬ ರೂಢಿಯ ಅಳತೆಯಲ್ಲಿ ಎರಡು ಅಂಶ ಹಿಡಿಸುತ್ತವೆ. 22 ಜೀನ್ ಹಾಕುವುದೆಂದರೆ ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ. 0.05 ಮಟ್ಟದಲ್ಲಿ 22 ಪರೀಕ್ಷೆ ಮಾಡಿದರೆ ಯಾವ ಸಂಬಂಧ ಇಲ್ಲದಿದ್ದರೂ ಸರಾಸರಿ ಒಂದು ಜೀನ್ ‘ಮಹತ್ವದ್ದು’ ಎಂದು ಬರುತ್ತದೆ, ಥೀಸಿಸ್‌ನ ಸಾರಾಂಶದಲ್ಲಿ ಅದೇ ಕೂರುತ್ತದೆ.

ಲೆಕ್ಕವನ್ನೇ ಮಾಡಿ ನೋಡಿ. ಹಜಾರ್ಡ್ ರೇಶಿಯೊ 2 ಇರುವ (ಅಪಾಯ ಎರಡು ಪಟ್ಟು ಮಾಡುವ) ಮಾರ್ಕರನ್ನು 80 ಶೇಕಡಾ ಬಲದಲ್ಲಿ, 5 ಶೇಕಡಾ ಮಟ್ಟದಲ್ಲಿ ಹಿಡಿಯಲು ಶೋನ್‌ಫೆಲ್ಡ್ ಸೂತ್ರ: 7.85 ಅನ್ನು ಪಿ ಗುಣಿಸು 1-ಪಿ ಗುಣಿಸು 2ರ ನ್ಯಾಚುರಲ್ ಲಾಗರಿದಮ್‌ನ ವರ್ಗ, ಇದರಿಂದ ಭಾಗಿಸಬೇಕು. ಪಿ ಎಂದರೆ ಮಾರ್ಕರ್ ಇರುವವರ ಪಾಲು. ಆ ವರ್ಗ 0.48. ಕೆ-ರಾಸ್‌ನಂತೆ 40 ಶೇಕಡಾ ಜನರಲ್ಲಿ ಇರುವ ಮಾರ್ಕರಿಗೆ ಸುಮಾರು 68 ಘಟನೆ ಬೇಕು, ಅಂದರೆ 400ರಷ್ಟು ರೋಗಿಗಳು. ಎಂಎಸ್‌ಐನಂತೆ 20 ಶೇಕಡಾ ಇದ್ದರೆ 102 ಘಟನೆ. ಬಿ-ರಾಫ್ ಇದ್ದು ರಿಪೇರಿ ಸರಿಯಿರುವವರು ನಿಮ್ಮ 120ರಲ್ಲಿ ನಾಲ್ಕೋ ಐದೋ ಜನ ಸಿಗಬಹುದು. ಅವರಿಂದ ಯಾವ ತೀರ್ಮಾನವೂ ಹೊರಡದು.

ಹಾಗೆಂದು ಕೆಲಸ ಬಿಡಬೇಕಿಲ್ಲ. ಮುಖ್ಯ ಪ್ರಶ್ನೆ ಒಂದನ್ನೇ ಇಟ್ಟುಕೊಳ್ಳಿ: ರಿಪೇರಿ ಸ್ಥಿತಿ, ಪಿಟಿ4 ಆಗಿರುವುದನ್ನು ಸರಿದೂಗಿಸಿ. ಉಳಿದ ಜೀನ್‌ಗಳದ್ದು ಎಷ್ಟು ಶೇಕಡಾ ಇದೆ ಎಂಬ ವಿವರಣೆ ಮಾತ್ರ, ಕಾನ್ಫಿಡೆನ್ಸ್ ಇಂಟರ್ವಲ್ ಸಹಿತ. ಡೇಟಾ ನೋಡುವ ಮೊದಲೇ ಇದನ್ನು ಪ್ರೋಟೋಕಾಲಿನಲ್ಲಿ ಬರೆದಿಡಿ. ಎಂಎಸ್‌ಐ-ಹೈ ಗುಂಪಿನಲ್ಲಿ ಒಂದೂ ಮರುಕಳಿಕೆ ಇಲ್ಲದಿದ್ದರೆ ಸಾಮಾನ್ಯ ಕಾಕ್ಸ್ ಒಡೆದುಹೋಗುತ್ತದೆ, ಫರ್ತ್ ತಿದ್ದುಪಡಿ ಬಳಸಿ. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸುವ ಆಸೆ ಇದ್ದರೆ ಜಿಎಸ್‌ಇ39582 ಎಂಬ ಫ್ರೆಂಚ್ ಸರಣಿ ಎಲ್ಲರಿಗೂ ತೆರೆದಿದೆ. 566 ರೋಗಿಗಳು, ಹಂತ, ಮರುಕಳಿಕೆ, ರಿಪೇರಿ ಸ್ಥಿತಿ, ಕೆ-ರಾಸ್, ಬಿ-ರಾಫ್, ಟಿಪಿ53 ಎಲ್ಲ ಇವೆ. ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯಾದ ಟಿಸಿಜಿಎ ಡೇಟಾ ಜೀನ್‌ಗಳ ಮಟ್ಟಿಗೆ ಶ್ರೀಮಂತ, ಆದರೆ ಅದರ ಫಾಲೋ-ಅಪ್ ಚಿಕ್ಕದು. ಐದು ವರ್ಷದ ಮರುಕಳಿಕೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಫಾಲೋ-ಅಪ್ ನಿಂತವರೇ ನಿಮ್ಮ ದೊಡ್ಡ ತಲೆನೋವು. ಊರಿಗೆ ಹೋಗಿ ಅಲ್ಲೇ ತೀರಿಕೊಂಡ ರೋಗಿ ನಿಮ್ಮ ಫೈಲಿನಲ್ಲಿ ‘ಕೊನೆಯ ಭೇಟಿಯವರೆಗೆ ಆರೋಗ್ಯ’ ಎಂದೇ ಉಳಿಯುತ್ತಾನೆ. ಅಂಥವರನ್ನು ಸೆನ್ಸರ್ ಮಾಡಿದರೆ (ಕೊನೆಯ ಭೇಟಿಗೇ ಲೆಕ್ಕದಿಂದ ಕೈಬಿಟ್ಟರೆ) ರೇಖೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ವಿಶ್ಲೇಷಣೆಗೆ ಕೂರುವ ಮೊದಲು ಫೋನ್ ಮಾಡಿ, ಕೊನೆಯ ಸಿಇಎ (ಗಡ್ಡೆಯ ಸುಳಿವು ಕೊಡುವ ರಕ್ತಪರೀಕ್ಷೆ) ಮತ್ತು ಸಿಟಿ ಸ್ಕ್ಯಾನ್ ದಿನಾಂಕ ಪ್ರತ್ಯೇಕವಾಗಿ ದಾಖಲಿಸಿ. ವಯಸ್ಸಾದವರು ಬೇರೆ ಕಾರಣದಿಂದ ತೀರಿಕೊಂಡರೆ ಅದು ಕಾಂಪಿಟಿಂಗ್ ರಿಸ್ಕ್, ಅಂದರೆ ಮರುಕಳಿಕೆಗೆ ಅವಕಾಶವೇ ಇಲ್ಲದಂತೆ ಮಾಡುವ ಘಟನೆ. ಮರುಕಳಿಕೆಯ ಶೇಕಡಾವಾರು ಹೇಳಲು ಕ್ಯುಮುಲೇಟಿವ್ ಇನ್ಸಿಡೆನ್ಸ್ ಕೊಡಿ, ಕ್ಯಾಪ್ಲನ್-ಮೇಯರ್ ತಿರುವಿಹಾಕಿದ ಅಂಕಿ ಹೆಚ್ಚು ತೋರಿಸುತ್ತದೆ. ಬಡಿಂಗ್ ಅಥವಾ ಯಾವುದೇ ಅಂಕಿಗೆ ಪಿ-ಮೌಲ್ಯ ಚೆನ್ನಾಗಿ ಬರುವ ಕಡೆ ಗೆರೆ ಎಳೆಯಬೇಡಿ, ಮೊದಲೇ ಒಪ್ಪಿತವಾದ ಗೆರೆಯನ್ನೇ ಇಟ್ಟುಕೊಳ್ಳಿ.

ಹಗಲು_ಪಾಳಿ_ಆಂಕೊ

ಆಂಕಾಲಜಿ ಕಡೆಯಿಂದ ಸೇರಿಸಬೇಕಾದ್ದು. ರೋಗದ ಗತಿ ಹೇಳುವ ಮಾರ್ಕರ್ ಬೇರೆ, ಔಷಧಿ ಕೆಲಸ ಮಾಡುತ್ತದೆಯೇ ಎಂದು ಹೇಳುವ ಮಾರ್ಕರ್ ಬೇರೆ. ನಿಮ್ಮ ಸರಣಿಯಲ್ಲಿ ಮೂರನೇ ಒಂದು ಪಾಲಿಗೆ ಕೀಮೋ ಆಗಿದೆ, ಅದೂ ಅಪಾಯ ಹೆಚ್ಚು ಕಂಡವರಿಗೇ ಕೊಟ್ಟಿರುತ್ತಾರೆ. ‘ಎಂಎಸ್‌ಐ-ಹೈ ಇದ್ದವರಿಗೆ ಕೀಮೋ ಉಪಯೋಗವಾಗಲಿಲ್ಲ’ ಎಂದು ಈ ಡೇಟಾದಿಂದ ಬರೆಯಲು ಬರುವುದಿಲ್ಲ. ಆ ಮಾತಿಗೆ ಆಧಾರ ರ‍್ಯಾಂಡಮೈಸ್ ಆದ ಟ್ರಯಲ್‌ಗಳ ಮಾದರಿಗಳು. 2003 ಮತ್ತು 2010ರಲ್ಲಿ ಪ್ರಕಟವಾದ ವಿಶ್ಲೇಷಣೆಗಳಲ್ಲಿ ಎರಡನೇ ಹಂತದ ರಿಪೇರಿ ಕೆಟ್ಟ ಗಡ್ಡೆಗಳಿಗೆ ಬರೀ 5-ಎಫ್‌ಯು ಎಂಬ ಕೀಮೋ ಔಷಧಿಯಿಂದ ಲಾಭ ಕಾಣಲಿಲ್ಲ. ಇವತ್ತು ಅಂಥವರಿಗೆ ಮೈಯಲ್ಲಿ 5-ಎಫ್‌ಯು ಆಗುವ ಕ್ಯಾಪೆಸಿಟಬಿನ್ ಮಾತ್ರೆ ಒಂದನ್ನೇ ಕೊಡುವುದನ್ನು ಬಿಟ್ಟಿದ್ದೇವೆ.

ಒಂದೊಂದು ಜೀನಿನ ತೂಕ ಹೇಳುತ್ತೇನೆ. ಎಪಿಸಿ ಹತ್ತರಲ್ಲಿ ಎಂಟು ಗಡ್ಡೆಗಳಲ್ಲಿ ಕೆಟ್ಟಿರುತ್ತದೆ, ಕಾಯಿಲೆಯ ಮೊದಲ ಮೆಟ್ಟಿಲೇ ಅದು, ಹಾಗಾಗಿ ಯಾರಿಗೆ ಮರುಕಳಿಸುತ್ತದೆ ಎಂದು ಬೇರ್ಪಡಿಸಿ ಹೇಳುವ ಶಕ್ತಿ ಅದಕ್ಕಿಲ್ಲ. ಟಿಪಿ53 ಬಗ್ಗೆ ಮೂವತ್ತು ವರ್ಷದಿಂದ ಪೇಪರ್‌ಗಳು ಬರುತ್ತಿವೆ, ಒಂದಕ್ಕೊಂದು ತಾಳೆಯಾಗಿಲ್ಲ. 18ನೇ ಕ್ರೋಮೋಸೋಮಿನ ಉದ್ದ ತೋಳಿನ ನಷ್ಟ 1994ರಲ್ಲಿ ಬಹಳ ಭರವಸೆ ಹುಟ್ಟಿಸಿತ್ತು. ಎಂಎಸ್‌ಐ ಸರಿದೂಗಿಸಿದ ಮೇಲೆ ಅದರ ಬಹುಪಾಲು ಕರಗಿತು, ಏಕೆಂದರೆ ರಿಪೇರಿ ಕೆಟ್ಟ ಗಡ್ಡೆಗಳಲ್ಲಿ ಆ ನಷ್ಟ ಅಪರೂಪ, ಅವರು ಹೇಗೂ ಚೆನ್ನಾಗಿರುವವರು. ಕೆ-ರಾಸ್‌ನ ಪ್ರಭಾವ ಎರಡನೇ ಹಂತದಲ್ಲಿ ಸಣ್ಣದು, ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ರೋಗ ಹರಡಿದ ಮೇಲೆ ಮಾತು ಬೇರೆ. ಆಗ ಕೆ-ರಾಸ್ ಮತ್ತು ಎನ್-ರಾಸ್ ಎರಡರ 2, 3, 4ನೇ ಎಕ್ಸಾನ್ (ಜೀನಿನ ಭಾಗ) ನೋಡದೆ ಸೆಟುಕ್ಸಿಮ್ಯಾಬ್ ಔಷಧಿ ಬರೆಯಲು ಬರುವುದಿಲ್ಲ.

ಬಿ-ರಾಫ್ ವಿ600ಇ ಮರುಕಳಿಕೆಯನ್ನು ಹೆಚ್ಚಿಸುವುದಕ್ಕಿಂತ ಮರುಕಳಿಸಿದ ಮೇಲಿನ ಬದುಕನ್ನು ಮೊಟಕು ಮಾಡುತ್ತದೆ. ಪೆಟಾಕ್-3 ಟ್ರಯಲ್ ಮಾದರಿಗಳಲ್ಲಿ ರಿಪೇರಿ ಸರಿಯಿರುವವರಲ್ಲಿ ಒಟ್ಟು ಬದುಕುಳಿಯುವಿಕೆಗೆ ಅದು ಗಟ್ಟಿ ಮಾರ್ಕರ್ ಆಗಿತ್ತು, ಮರುಕಳಿಕೆರಹಿತ ಅವಧಿಗೆ ಅಷ್ಟಿರಲಿಲ್ಲ. ಹಾಗಾಗಿ ಎರಡೂ ಎಂಡ್‌ಪಾಯಿಂಟ್ ಬೇರೆಬೇರೆ ಕೊಡಿ. ಇನ್ನೊಂದು, ಬಿ-ರಾಫ್‌ನ 594, 596ರಂಥ ಜಾಗದ ಮ್ಯುಟೇಶನ್‌ಗಳು ವಿ600ಇ ಅಲ್ಲ, ಅವರ ಗತಿ ಚೆನ್ನಾಗಿರುತ್ತದೆ. ‘ಬಿ-ರಾಫ್ ಪಾಸಿಟಿವ್’ ಎಂದು ಒಂದೇ ಕಂಬಕ್ಕೆ ಹಾಕಬೇಡಿ.

ನನ್ನ ಮಟ್ಟಿಗೆ ಪಟ್ಟಿಯಲ್ಲಿ ಇರಲೇಬೇಕಾದ ಜೀನ್ ಎರಡು. ಪೋಲ್ ಜೀನಿನ ಎಕ್ಸೊನ್ಯೂಕ್ಲಿಯೇಸ್ ಭಾಗದ ಮ್ಯುಟೇಶನ್ 1 ಶೇಕಡಾ ಆಸುಪಾಸು ಇರುತ್ತದೆ, ಹೆಚ್ಚಾಗಿ ಚಿಕ್ಕ ವಯಸ್ಸಿನವರ ಬಲಬದಿಯ ಗಡ್ಡೆಯಲ್ಲಿ. ರಿಪೇರಿ ಸರಿಯಿದ್ದೂ ಗತಿ ಬಹಳ ಒಳ್ಳೆಯದು. ಪಿಐಕೆ3ಸಿಎ ಈಗ ಬೇರೆ ಕಾರಣಕ್ಕೆ ಮುಖ್ಯ. ಸ್ವೀಡನ್ ನೇತೃತ್ವದ ಟ್ರಯಲ್ ಒಂದು 2025ರಲ್ಲಿ ಪ್ರಕಟವಾಯಿತು. ಈ ಜೀನಿನ 9 ಮತ್ತು 20ನೇ ಎಕ್ಸಾನ್‌ನಲ್ಲಿ ಬದಲಾವಣೆ ಇದ್ದವರಿಗೆ ದಿನಕ್ಕೆ 160 ಮಿ.ಗ್ರಾಂ ಆಸ್ಪಿರಿನ್ ಮೂರು ವರ್ಷ ಕೊಟ್ಟಾಗ ಮೂರು ವರ್ಷದ ಮರುಕಳಿಕೆ 14.1ರಿಂದ 7.7 ಶೇಕಡಾಕ್ಕೆ ಇಳಿಯಿತು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ಲಾಭ ಎಂದರೆ ನಮ್ಮಂಥ ಕಡೆ ಆ ಎರಡು ಎಕ್ಸಾನ್ ನೋಡಲೇಬೇಕು.

ಮುಂದೆ ಬರುವ ರೋಗಿಗಳನ್ನೂ ಸೇರಿಸುವ ಮನಸ್ಸಿದ್ದರೆ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ, ಅಂದರೆ ಸಿಟಿಡಿಎನ್‌ಎ, ಎಲ್ಲಕ್ಕಿಂತ ಬಲವಾದ ಸೂಚಕ. ಆಸ್ಟ್ರೇಲಿಯಾದ 2016ರ ಅಧ್ಯಯನದಲ್ಲಿ ಕೀಮೋ ಪಡೆಯದ ಎರಡನೇ ಹಂತದವರ ಪೈಕಿ ಆಪರೇಷನ್ ನಂತರ ಪಾಸಿಟಿವ್ ಬಂದ 14 ಜನರಲ್ಲಿ 11 ಜನಕ್ಕೆ ರೋಗ ಮರುಕಳಿಸಿತು, ನೆಗೆಟಿವ್ ಬಂದ 164 ಜನರಲ್ಲಿ 16ಕ್ಕೆ ಮಾತ್ರ. 2022ರ ಡೈನಾಮಿಕ್ ಟ್ರಯಲ್‌ನಲ್ಲಿ 455 ಜನ. ಈ ಪರೀಕ್ಷೆ ನೋಡಿ ನಿರ್ಧರಿಸಿದ ಗುಂಪಿನಲ್ಲಿ 15 ಶೇಕಡಾ ಜನಕ್ಕೆ ಕೀಮೋ ಆಯಿತು, ರೂಢಿಯ ಗುಂಪಿನಲ್ಲಿ 28. ಎರಡು ವರ್ಷದ ಮರುಕಳಿಕೆರಹಿತ ಬದುಕು 93.5 ಮತ್ತು 92.4 ಶೇಕಡಾ.

ಪ್ರೈಮರ್_ಡೈಮರ್

ಸಿಟಿಡಿಎನ್‌ಎ ಮಾಡುವುದಾದರೆ ಮಿತಿಯನ್ನೂ ಹೇಳಿಬಿಡುತ್ತೇನೆ. 1 ನ್ಯಾನೋಗ್ರಾಂ ಡಿಎನ್‌ಎಯಲ್ಲಿ ಒಂದು ಜೀನಿನ 300 ಪ್ರತಿಗಳು. 10 ನ್ಯಾನೋಗ್ರಾಂ ಹಾಕಿದರೆ 3000. ಒಂದೇ ಮ್ಯುಟೇಶನ್ ಹುಡುಕುವ ಪರೀಕ್ಷೆ 0.03 ಶೇಕಡಾಕ್ಕಿಂತ ಕೆಳಗೆ ಎಷ್ಟೇ ಆಳ ಸೀಕ್ವೆನ್ಸ್ ಮಾಡಿದರೂ ಕಾಣದು, ಅದಕ್ಕೇ ಗಡ್ಡೆಯಿಂದ ಹಲವು ಮ್ಯುಟೇಶನ್ ಆರಿಸಿ ಒಟ್ಟಿಗೆ ಹುಡುಕುವುದು. ಇಡಿಟಿಎ ಟ್ಯೂಬಾದರೆ 4 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ, ಮೊದಲು 1600 ಜಿ ವೇಗದಲ್ಲಿ 10 ನಿಮಿಷ, ಮೇಲಿನದ್ದನ್ನು ಬೇರೆ ಟ್ಯೂಬಿಗೆ ತೆಗೆದು 16000 ಜಿಯಲ್ಲಿ ಇನ್ನು 10 ನಿಮಿಷ. ತಡವಾದರೆ ಬಿಳಿ ರಕ್ತಕಣ ಒಡೆದು ಗಡ್ಡೆಯ ಡಿಎನ್‌ಎ ಅದರಲ್ಲಿ ಮುಳುಗಿಹೋಗುತ್ತದೆ. ಆಪರೇಷನ್ ಆದ ನಾಲ್ಕು ವಾರದೊಳಗೆ ರಕ್ತ ತೆಗೆದರೂ ಗಾಯದಿಂದ ಬಂದ ಡಿಎನ್‌ಎಯಿಂದ ಅದೇ ಗತಿ. ಬಫಿ ಕೋಟ್ (ಬಿಳಿ ರಕ್ತಕಣಗಳ ಪದರ) ಎಸೆಯಬೇಡಿ. ವಯಸ್ಸಾದವರ ರಕ್ತಕೋಶಗಳಲ್ಲೇ ಟಿಪಿ53, ಡಿಎನ್‌ಎಂಟಿ3ಎ ಮ್ಯುಟೇಶನ್ ಇರುತ್ತವೆ, ಹೋಲಿಸಿ ನೋಡದಿದ್ದರೆ ಅವು ಗಡ್ಡೆಯದೆಂದು ವರದಿಯಾಗುತ್ತವೆ.

ಪ್ಯಾರಾಫಿನ್_ಪಿಜಿ

ಎಲ್ಲರಿಗೂ ತುಂಬಾ ಧನ್ಯವಾದ. ಪ್ರೋಟೋಕಾಲ್ ಹೀಗೆ ತಿದ್ದಿದ್ದೇನೆ: ಎಲ್ಲ ಕೇಸಿಗೂ ಪಿಎಂಎಸ್2 ಮತ್ತು ಎಂಎಸ್‌ಎಚ್6, ಆಯ್ದವಕ್ಕೆ ಐದು ಮಾರ್ಕರಿನ ಪಿಸಿಆರ್, ಎಲ್ಲದಕ್ಕೂ ಬಡಿಂಗ್. ಕೆ-ರಾಸ್, ಎನ್-ರಾಸ್, ಬಿ-ರಾಫ್, ಪಿಐಕೆ3ಸಿಎ ಹಾಟ್‌ಸ್ಪಾಟ್ ಮತ್ತು ಪೋಲ್ ಇರುವ ಚಿಕ್ಕ ಆಂಪ್ಲಿಕಾನ್ ಪ್ಯಾನೆಲ್, ವಿವರಣೆಗಷ್ಟೇ. ಮುಖ್ಯ ವಿಶ್ಲೇಷಣೆ ರಿಪೇರಿ ಸ್ಥಿತಿ ಮತ್ತು ಪಿಟಿ4.

ಎರಡು ಅನುಮಾನ ಉಳಿದಿವೆ. ಕೆಲವು ಕೇಸುಗಳಲ್ಲಿ ಗಡ್ಡೆಯ ಬ್ಲಾಕ್ ಮಾತ್ರ ಉಳಿದಿದೆ, ನಾರ್ಮಲ್ ಮ್ಯೂಕೋಸಾ ಇಲ್ಲ. ಹೋಲಿಕೆಗೆ ಏನು ಮಾಡಲಿ? ಮತ್ತು ಲಿಂಚ್ ಸಿಂಡ್ರೋಮ್ (ರಿಪೇರಿ ಜೀನಿನ ದೋಷ ವಂಶದಲ್ಲಿ ಹರಿದುಬರುವ ಕಾಯಿಲೆ) ಅನುಮಾನ ಬರುವ ಕೇಸು ಸಿಕ್ಕರೆ, ಆಪರೇಷನ್ ಆಗಿ ಎಷ್ಟೋ ವರ್ಷವಾಗಿರುವಾಗ, ತಿಳಿಸಬೇಕೇ?

ಪ್ರೈಮರ್_ಡೈಮರ್

ಮಾರ್ಜಿನ್ ಬ್ಲಾಕ್, ಅಪೆಂಡಿಕ್ಸ್, ಗಡ್ಡೆ ಹರಡದ ಲಿಂಫ್ ನೋಡ್, ಯಾವುದಾದರೂ ಸರಿ. ನೆಗೆಟಿವ್ ನೋಡ್‌ಗಳ ಬ್ಲಾಕ್ ಎರಡನೇ ಹಂತದಲ್ಲಿ ಎಲ್ಲರಿಗೂ ಇರಲೇಬೇಕಲ್ಲ, 12 ನೋಡ್ ಎಣಿಸಿಯೇ ತಾನೇ ಆ ಹಂತ ಕೊಟ್ಟಿದ್ದು. ಏನೂ ಸಿಗದಿದ್ದರೆ ಈ ಐದು ಮಾರ್ಕರ್‌ಗಳ ಉದ್ದ ಹೆಚ್ಚಿನ ಜನರಲ್ಲಿ ಒಂದೇ ಆಗಿರುವುದರಿಂದ ಮೂರೋ ನಾಲ್ಕೋ ಒಟ್ಟಿಗೆ ಸರಿದಾಗ ನಾರ್ಮಲ್ ಇಲ್ಲದೆಯೂ ಹೇಳಬಹುದು. ಒಂದೇ ಒಂದು ಸರಿದಿದ್ದರೆ ಅದು ಆ ವ್ಯಕ್ತಿಯ ಹುಟ್ಟು ವ್ಯತ್ಯಾಸವೂ ಆಗಿರಬಹುದು, ಸ್ಟೇನ್‌ನ ಮಾತೇ ಕೊನೆ.

ಗುಲಾಬಿ_ನೇರಳೆ

ಎರಡನೆಯದಕ್ಕೆ: ತಿಳಿಸುವ ದಾರಿಯನ್ನು ಪ್ರೋಟೋಕಾಲಿನಲ್ಲೇ ಬರೆದು ಕಮಿಟಿಯ ಒಪ್ಪಿಗೆ ಪಡೆಯಿರಿ. ಹೆಸರು ಅಳಿಸಿಬಿಡಬೇಡಿ, ಕೋಡ್ ಕೊಟ್ಟು ಕೀಲಿಯನ್ನು ಗೈಡ್ ಬಳಿ ಇಡಿ. ಅಳಿಸಿದರೆ ಮರಳಿ ಯಾರನ್ನೂ ಹುಡುಕಲಾಗದು. ಹಳೆಯ ಮಾದರಿಗಳಿಗೆ ಸಮ್ಮತಿ ವಿನಾಯಿತಿ ಕೇಳುವಾಗ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಕಾರಣ ಕೊಡಿ, ಇಂಥ ಫಲಿತಾಂಶ ಬಂದರೆ ಯಾರು, ಹೇಗೆ ಸಂಪರ್ಕಿಸುತ್ತಾರೆ ಎಂಬುದನ್ನೂ ಸೇರಿಸಿ.

ಯಾರನ್ನು ಅನುಮಾನಿಸಬೇಕು: ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಕಾಣೆಯಾದ, ಇಲ್ಲವೇ ಪಿಎಂಎಸ್2 ಒಂದೇ ಕಾಣೆಯಾದ ಎಲ್ಲರನ್ನೂ. ಎಂಎಲ್‌ಎಚ್1 ಕಾಣೆಯಾದವರಲ್ಲಿ ಮೊದಲು ಬಿ-ರಾಫ್ ವಿ600ಇ ನೋಡಿ. ಇದ್ದರೆ ಬಹುತೇಕ ಲಿಂಚ್ ಅಲ್ಲ. ಇಲ್ಲದಿದ್ದರೆ ಎಂಎಲ್‌ಎಚ್1 ಮೆಥೈಲೇಶನ್ ಪರೀಕ್ಷೆ, ಅದೂ ಇಲ್ಲದಿದ್ದರೆ ಲಿಂಚ್ ಅನುಮಾನ. ಗಡ್ಡೆಯ ಸ್ಟೇನ್ ಇಟ್ಟುಕೊಂಡು ಮನೆಯವರಿಗೆ ‘ವಂಶದ ಕಾಯಿಲೆ’ ಎಂದು ಹೇಳಬೇಡಿ. ಜೆನೆಟಿಕ್ ಕೌನ್ಸೆಲರ್ ಮೂಲಕ ರಕ್ತಪರೀಕ್ಷೆಗೆ ಕರೆಸಿ. ರೋಗಿ ತೀರಿಕೊಂಡಿದ್ದರೂ ಸಂಪರ್ಕಿಸುವುದು ವ್ಯರ್ಥವಲ್ಲ. ಮಕ್ಕಳಿಗೆ, ಒಡಹುಟ್ಟಿದವರಿಗೆ ಆ ಬದಲಾವಣೆ ಬಂದಿರುವ ಸಾಧ್ಯತೆ ತಲಾ 50 ಶೇಕಡಾ. ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಇದ್ದವರು 20-25ನೇ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯವನ್ನೂ ತಿಳಿಸಬೇಕು. ಆ ರಕ್ತಪರೀಕ್ಷೆಯ ಖರ್ಚು ಎಲ್ಲಿಂದ ಬರುತ್ತದೆ ಎಂಬುದನ್ನು ಬಜೆಟ್ಟಿನಲ್ಲಿ ಈಗಲೇ ಒಂದು ಸಾಲು ಬರೆಯಿರಿ, ಕಮಿಟಿ ಅದನ್ನು ಕೇಳಿಯೇ ಕೇಳುತ್ತದೆ.